ಕಳೆಯ ಕೆಳಗಿನ ನೀರು

ನನ್ನ ಸೋದರತ್ತೆ ಒಟಿಲಿಯಾ ಮೀನು ಸೀಳುವಾಗಲೆಲ್ಲ ಅದರ ಹೊಟ್ಟೆಯೊಳಗೆ ಏನಿದೆ ಎಂದು ಬೆರಳಿನಿಂದ ಕೆದಕಿ ನೋಡುತ್ತಿದ್ದಳು. ಹುಲ್ಲಿನ ಬೀಜ ಸಿಕ್ಕಿದರೆ ಮರುದಿನ ಅವಳ ಮೀನು ಹಿಡಿಯುವ ಕೂಳಿ, ಮುಳುಗಿದ ಹುಲ್ಲಿನ ನಡುವೆ ಇರುತ್ತಿತ್ತು. ಕಾಡು ಅತ್ತಿಯ ಬೀಜ ಸಿಕ್ಕಿದರೆ ಮರಗಳ ಬುಡದಲ್ಲಿ. ಬರೀ ಕೆಸರಿದ್ದರೆ, "ಇವು ತಳ ಬಿಟ್ಟು ಮೇಲಕ್ಕೇ ಬರ್ತಿಲ್ಲ, ನಾಳೆ ದಾರ ಉದ್ದ ಬಿಡ್ಬೇಕು" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಊರಿನ ಬೇರೆ ಹೆಂಗಸರೂ ಇದನ್ನು ಬಲ್ಲವರೇ. ಆದರೆ ಅವಳಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಕಂಬಗಳ ಮೇಲೆ ನಿಂತ ಮನೆಯ ಅಡಿಯಲ್ಲಿ ಕೂತು, ಮೊಣಕೈವರೆಗೂ ರಕ್ತ ಮಾಡಿಕೊಂಡು, ಒಂದೊಂದು ಮೀನನ್ನೂ ಸೀಳಿ ನೋಡಿ ಆಮೇಲೆ ಹೊಗೆಗೆ ಇಡುತ್ತಿದ್ದಳು.

ನಮ್ಮಲ್ಲಿ ಮೀನು ಹಿಡಿಯುವುದು ಹೆಂಗಸರ ಕೆಲಸ. ಸೆಪಿಕ್ ನದಿ ಉಕ್ಕಿ ನಮ್ಮ ಕೆರೆಗೆ ನುಗ್ಗಿದರೆ ಆಚೆ ದಡ ಕಾಣುವುದಿಲ್ಲ. ನೀರು ಹುಲ್ಲುಗಾವಲನ್ನೆಲ್ಲ ಮುಳುಗಿಸಿ ಕಾಡಿನೊಳಗೆ ಹೋಗುತ್ತದೆ, ಮೀನುಗಳು ಅದರ ಹಿಂದೆಯೇ ಹೋಗುತ್ತವೆ. ಬೀಜ, ಮಿಡತೆ, ಉದುರಿದ ಹಣ್ಣು, ಸಿಕ್ಕಿದ್ದನ್ನೆಲ್ಲ ತಿಂದು ಕೊಬ್ಬುತ್ತವೆ. ಆಗ ಅವು ಚದುರಿ ಹೋಗಿರುವುದರಿಂದ ಹಿಡಿಯುವುದು ಕಷ್ಟ, ಮನೆಗಳಲ್ಲಿ ಸ್ವಲ್ಪ ಹಸಿವು. ನೀರು ಇಳಿಯತೊಡಗಿದ ಮೇಲೆ ಅವೇ ಮೀನುಗಳು ಕಾಲುವೆಗಳಿಗೆ ಬಂದು ಒಂದರ ಮೇಲೊಂದು ಬೀಳುತ್ತವೆ. ಕೊಕ್ಕರೆ, ಮೊಸಳೆ, ಹೆಂಗಸರು ಎಲ್ಲರೂ ಹೊಟ್ಟೆ ತುಂಬಿಸಿಕೊಳ್ಳುವ ಕಾಲ ಅದು.

ಹಿಟ್ಟು ಮಾತ್ರ ನಮ್ಮಲ್ಲಿಲ್ಲ. ಸಾಗೊ ಮರಗಳಿರುವುದು ಕೆರೆಯ ಆಚೆ, ಗುಡ್ಡದವರ ಜಾಗದಲ್ಲಿ. ಅವರು ಮರದ ತಿರುಳನ್ನು ಕುಟ್ಟಿ, ನೀರಲ್ಲಿ ಹಿಂಡಿ, ಹಿಟ್ಟು ತೆಗೆದು ಗುಡ್ಡದ ಬುಡದ ಸಂತೆಗೆ ತರುತ್ತಾರೆ. ನಮ್ಮ ಹೆಂಗಸರು ಹೊಗೆಮೀನು ಒಯ್ಯುತ್ತಾರೆ. ಮೀನಿಗೆ ಹಿಟ್ಟು ಅದಲುಬದಲು. ಪ್ರತಿ ಹೆಂಗಸಿಗೂ ಎದುರು ಸಾಲಿನಲ್ಲಿ ತನ್ನ ತಾಯಿಯ ಕಾಲದಿಂದ ಬಂದ ಒಬ್ಬ ಜೊತೆಗಾತಿ ಇರುತ್ತಾಳೆ. ಅತ್ತೆಯ ಜೊತೆಗಾತಿ ನಯಂಬೆ. ಕುಳ್ಳಗೆ, ಗಟ್ಟಿಯಾಗಿ, ಮರ ಕುಟ್ಟಿ ಕುಟ್ಟಿ ಗಂಡಸರ ಹಾಗೆ ತೋಳು ಬೆಳೆಸಿಕೊಂಡಿದ್ದವಳು.

ಗುಡ್ಡದವರೆಂದರೆ ನಮಗೆ ಯಾವಾಗಲೂ ಸಸಾರ. ಅತ್ತೆಗಂತೂ ಹೇಳುವುದೇ ಬೇಡ.

"ಏನೇ ನಯಂಬೆ, ಇಷ್ಟು ಬೇಗ ಇಳಿದು ಬಂದಿದ್ದೀಯ? ಗುಡ್ಡದಲ್ಲಿ ತಿನ್ನೋ ಹುಳ ಎಲ್ಲಾ ಮುಗಿದು ಹೋಯ್ತಾ?"

"ಹುಳ ಬೇಕಾದಷ್ಟಿದೆ ತಾಯಿ. ನಿನ್ನ ಮೀನಿನ ಥರ ಕೆಸರು ನಾತ ಹೊಡೆಯಲ್ಲ ಅವು. ನಿನ್ನ ಮೇಲೆ ಕನಿಕರ ಬಂತು, ಅದಕ್ಕೇ ಇಳಿದೆ."

"ಕನಿಕರ ಇದ್ರೆ ಇನ್ನೊಂದು ಹಿಡಿ ಹಾಕು. ಇದೇನು ಗುಬ್ಬಚ್ಚಿಗೆ ತಂದ ಹಿಟ್ಟಾ?"

ಹೀಗೆ ಬೈದಾಡಿಕೊಂಡೇ ಅವರು ಅಡಿಕೆ ಜಗಿದು, ಸುಣ್ಣ ಕೊಟ್ಟು ತೆಗೆದುಕೊಂಡು, ಮಕ್ಕಳ ಸುದ್ದಿ ಕೇಳಿ ಏಳುತ್ತಿದ್ದರು. ಹಿಂದಿರುಗುವಾಗ ದೋಣಿಯಲ್ಲಿ ಅತ್ತೆ ನನಗೂ ತನ್ನ ಮಗಳು ಬ್ರಿಗಿತಳಿಗೂ ಹೇಳುತ್ತಿದ್ದಳು: "ನೋಡಿ, ಜೀವಮಾನ ಪೂರ್ತಿ ಮರ ಕುಟ್ಟೋದು. ದೇವರು ನಮ್ಮನ್ನ ನೀರಿನ ಮೇಲೆ ಹುಟ್ಟಿಸಿದ, ಪುಣ್ಯ."

ಕಳೆ ಬಂದಾಗ ನನಗೆ ಎದೆ ಮೂಡುವ ವಯಸ್ಸು. ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ. ಮೊದಲು ಒಂದು ಮೂಲೆಯಲ್ಲಿ, ಇಲಿಕಿವಿಯಷ್ಟು ಸಣ್ಣ ಎಲೆಗಳು ನೀರಿನ ಮೇಲೆ ಜೋಡಿ ಜೋಡಿಯಾಗಿ ತೇಲುತ್ತಿದ್ದವು. ಎಲೆಯ ಮೇಲೆ ಮೃದುವಾದ ರೋಮ. ಮುಳುಗಿಸಿದರೆ ಒದ್ದೆಯಾಗದೆ ಮತ್ತೆ ಎದ್ದು ಬರುತ್ತಿತ್ತು. ನಾವು ಅದನ್ನು ತಲೆಗೆ ಮುಡಿದು ಆಡಿದೆವು. ಮರುವರ್ಷ ನದಿ ಉಕ್ಕಿದಾಗ ಅದು ಚಾಪೆ ಚಾಪೆಯಾಗಿ ಕೆರೆಗೆ ಬಂತು. ಅದರ ಮರುವರ್ಷ ನೀರೇ ಕಾಣಲಿಲ್ಲ. ದಡದಿಂದ ದಡಕ್ಕೆ ಹಸಿರು. ಎಲೆಯ ಮೇಲೆ ಎಲೆ ಒತ್ತಿ, ಸತ್ತದ್ದರ ಮೇಲೆ ಹೊಸದು ಹುಟ್ಟಿ, ಮಂದವಾಗಿ, ಕೆಲವು ಕಡೆ ಅದರ ಮೇಲೆ ಹುಲ್ಲು ಬೇರುಬಿಟ್ಟು ನಿಂತಿತು. ಗಾಳಿ ಬೀಸಿದ ಕಡೆಗೆ ಇಡೀ ಚಾಪೆ ಸರಿದು ಬಂದು ನಮ್ಮ ಮನೆಗಳ ಕಂಬಗಳಿಗೆ ಒತ್ತಿಕೊಳ್ಳುತ್ತಿತ್ತು. ಅದರ ಕೆಳಗಿನ ನೀರು ಕಪ್ಪಾಗಿ ಕೊಳೆತ ವಾಸನೆ ಬರುತ್ತಿತ್ತು. ಅದನ್ನೇ ಕುಡಿಯುತ್ತಿದ್ದೆವು. ಮಕ್ಕಳ ಕಾಲುಗಳಲ್ಲಿ ಹುಣ್ಣು ವಾಸಿಯಾಗಲೇ ಇಲ್ಲ.

ಬಿಸಿಲೇ ಇಳಿಯದ ನೀರಿನಲ್ಲಿ ಪಾಚಿ ಬೆಳೆಯಲಿಲ್ಲ. ಪಾಚಿ ತಿನ್ನುವ ಮಕಾವು ಮೀನುಗಳು ಮೊದಲು ಬಡವಾದವು, ಆಮೇಲೆ ಕಾಣೆಯಾದವು. ಉಳಿದದ್ದು ಮೀಸೆಯ ಮುಗುಡು ಮಾತ್ರ. ಅದು ಕೆಸರಿನಲ್ಲೂ ಬದುಕುತ್ತದೆ, ಹೆಣದ ಮೇಲೂ ಬದುಕುತ್ತದೆ.

ಊರ ಗಂಡಸರೆಲ್ಲ ಕೂಡುವ ದೊಡ್ಡ ಮನೆಯಲ್ಲಿ ದಿನವೂ ಮಾತು. ಇದು ಮಾಟವೇ ಎಂದು ನನ್ನ ಅಪ್ಪ, ಅಂದರೆ ಒಟಿಲಿಯಾಳ ಅಣ್ಣ, ನಂಬಿದ್ದ. ಯಾರು ಮಾಡಿಸಿದ್ದು ಎಂಬುದು ಮಾತ್ರ ವಾರಕ್ಕೊಬ್ಬರಂತೆ ಬದಲಾಗುತ್ತಿತ್ತು. ಅತ್ತೆಯ ಗಂಡ ವಲಿಂದು ಮರದಲ್ಲಿ ಮುಖವಾಡ ಕೆತ್ತುವವನು, ತಮಾಷೆಯ ಮನುಷ್ಯ. "ಭಾವ, ನೀವು ಮಾಟಗಾರನ್ನ ಹುಡುಕೋ ಹೊತ್ತಿಗೆ ನಾವೆಲ್ಲ ಆ ಎಲೆ ಪಲ್ಯ ಮಾಡ್ಕೊಂಡು ತಿನ್ನೋಕೆ ಕಲಿತಿರ್ತೀವಿ" ಎಂದ. ಆ ಎಲೆಯನ್ನು ಹಂದಿಗಳೂ ಮೂಸುತ್ತಿರಲಿಲ್ಲ.

ಆ ವರ್ಷ ನೀರು ಇಳಿಯುವ ಕಾಲದಲ್ಲಿ ಅತ್ತೆಯ ಚಿಕ್ಕ ಮಗ ಕಸ್ಪರ್ ಸೊರಗಿದ. ಕೈಕಾಲು ಕಡ್ಡಿ, ಹೊಟ್ಟೆ ಉಬ್ಬಿಕೊಂಡಿತ್ತು. ಮನೆಯಲ್ಲಿ ಹಿಟ್ಟು ಖಾಲಿಯಾಗಿ ಎಷ್ಟೋ ದಿನವಾಗಿತ್ತು. ಸಂತೆಗೆ ಹೋಗುವುದನ್ನು ಹೆಂಗಸರು ನಿಲ್ಲಿಸಿದ್ದರು. ಮೊದಲು ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುತ್ತಿದ್ದ ದಾರಿ, ಈಗ ಕಳೆ ಕಡಿದುಕೊಂಡು ಹೋದರೆ ಅರ್ಧಕ್ಕೇ ಕತ್ತಲಾಗುತ್ತಿತ್ತು. ಆದರೂ ಅತ್ತೆ ಕಳೆಯಲ್ಲಿ ತೂತು ಮಾಡಿ ಹಿಡಿದ ಮುಗುಡುಗಳನ್ನು ಹೊಗೆಯಲ್ಲಿಟ್ಟು, ಒಂದು ಬುಟ್ಟಿ ತುಂಬಿಸಿ ಹೊರಟಳು. ವಲಿಂದು ತಾನೂ ಬರುತ್ತೇನೆಂದ. ಗಂಡಸು ಮೀನಿನ ಬುಟ್ಟಿಯ ಜೊತೆ ಸಂತೆಗೆ ಹೋಗುವುದೆಂದರೆ ನಗೆಪಾಟಲು. ಅವನು ಕೇಳಲಿಲ್ಲ. "ಈ ಕಳೆ ತಳ್ಳೋಕೆ ನಿನ್ನೊಬ್ಬಳ ಕೈಲಿ ಆಗಲ್ಲ. ನಗೋರು ನಗಲಿ, ಅವ್ರಿಗೂ ತಿನ್ನೋಕೇನಿದೆ, ನಗು ಬಿಟ್ರೆ?"

ಮುಂದೆ ಆದದ್ದನ್ನು ಅತ್ತೆ ಒಂದೇ ಸಲ ಹೇಳಿದಳು, ನನ್ನ ಅಪ್ಪನ ಎದುರು. ನಾನು ಅಲ್ಲೇ ಇದ್ದೆ.

ಊರಿನಿಂದ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿ ತಿರುಗಿ, ಅವರು ಕಡಿದುಕೊಂಡು ಬಂದ ದಾರಿ ಹಿಂದೆ ಮುಚ್ಚಿಕೊಂಡಿತು. ಮುಂದೆಯೂ ಕಳೆ ಒತ್ತಿ ಗೋಡೆಯಾಯಿತು. ದೋಣಿ ಅಲುಗಲಿಲ್ಲ. ವಲಿಂದು ಎದ್ದು ನಿಂತು ನೋಡಿದ.

"ಇಲ್ಲಿ ಹುಲ್ಲು ಎದ್ದಿದೆ ಕಣೇ, ಗಟ್ಟಿ ಇದೆ. ಇಳಿದು ಎಳೀತೀನಿ."

"ಬೇಡ. ಎಲೆ ಮೇಲೆ ನಡೆಯೋಕೆ ನೀನೇನು ಕೊಕ್ಕರೆನಾ?"

"ನನ್ನ ಕಾಲು ಕೊಕ್ಕರೆ ಕಾಲು ಅಂತ ದಿನಾ ಆಡ್ಕೊಳ್ಳೋಳು ನೀನೇ ಅಲ್ವಾ?"

ಅವನು ಇಳಿದ. ಹುಲ್ಲು ತಡೆಯಿತು. ದೋಣಿಯ ಮೂತಿ ಹಿಡಿದು ಎಳೆದ, ಸ್ವಲ್ಪ ಸರಿಯಿತು. ನಗುತ್ತ ಇನ್ನೊಂದು ಹೆಜ್ಜೆ ಹಿಂದಿಟ್ಟ. ಸೊಂಟದವರೆಗೆ ಹೂತುಹೋದ. "ಹುಟ್ಟು ಕೊಡು" ಎಂದು ಕೈ ಚಾಚಿದ. ಅವಳು ಹುಟ್ಟು ಎತ್ತಿ ತಿರುಗುವಷ್ಟರಲ್ಲಿ ಅವನಿರಲಿಲ್ಲ. ಕಳೆ ಸೇರಿಕೊಂಡು ಹಸಿರಾಗಿ, ಏನೂ ಆಗಿಲ್ಲವೆಂಬಂತೆ ಇತ್ತು.

ಅವಳು ಹುಟ್ಟಿನಿಂದ ಬಗೆದಳು, ಕೈಯಿಂದ ಬಗೆದಳು. ಬಗೆದಷ್ಟೂ ಅಕ್ಕಪಕ್ಕದ್ದು ಬಂದು ತುಂಬಿಕೊಳ್ಳುತ್ತಿತ್ತು. ಆಗ ದೋಣಿಯ ತಳಕ್ಕೆ ಕೆಳಗಿನಿಂದ ಬಡಿದ ಸದ್ದು ಕೇಳಿಸಿತು. ಅವಳು ದೋಣಿಯ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಆ ಬದಿಯಲ್ಲಿ ಧುಮುಕಿದಳು. ಕಳೆಯ ಬೇರುಗಳು ಮುಖಕ್ಕೆ ಸುತ್ತಿಕೊಂಡವು, ಕೆಳಗೆ ಕಣ್ಣು ಬಿಟ್ಟರೂ ಕತ್ತಲೆ. ಹಗ್ಗ ಹಿಡಿದು ಮೇಲೆ ಬಂದು, ಉಸಿರೆಳೆದುಕೊಂಡು, ಇನ್ನೊಂದು ಬದಿಯಲ್ಲಿ ಇಳಿದಳು. ಸದ್ದು ಮತ್ತೊಮ್ಮೆ ಕೇಳಿಸಿತು, ಮೊದಲಿಗಿಂತ ಮೆಲ್ಲಗೆ. ಆಮೇಲೆ ಇಲ್ಲ.

ಅವಳ ಕೂಗು ಊರಿಗೆ ಕೇಳಿಸುತ್ತಿತ್ತು. ನಾವೆಲ್ಲ ದಡದಲ್ಲಿ ನಿಂತು ಕೇಳುತ್ತಿದ್ದೆವು. ಗಂಡಸರು ಕತ್ತಿ ಹಿಡಿದು ದೋಣಿ ಇಳಿಸಿ ಕಡಿಯತೊಡಗಿದರು. ಅವರು ಅವಳನ್ನು ಮುಟ್ಟುವ ಹೊತ್ತಿಗೆ ಹೊತ್ತು ಇಳಿದಿತ್ತು, ಅವಳ ಗಂಟಲಿನಿಂದ ಸ್ವರವೇ ಹೊರಡುತ್ತಿರಲಿಲ್ಲ.

ಹೆಣ ಸಿಗಲಿಲ್ಲ. ಎಷ್ಟು ದಿನ ಹುಡುಕಿದರೂ ಸಿಗಲಿಲ್ಲ. ಕಳೆ ದಿನವೂ ಸರಿಯುತ್ತಿದ್ದುದರಿಂದ ಜಾಗ ಯಾವುದೆಂದೇ ಗುರುತು ಸಿಗದಾಯಿತು. ಅತ್ತೆ ಮೈಗೆಲ್ಲ ಸಾವಿನ ಬಿಳಿಮಣ್ಣು ಬಳಿದುಕೊಂಡು ಒಳಗೆ ಕೂತಳು. ಹೂಳಲು ದೇಹವಿಲ್ಲದ ಕಾರಣ, ಅಳು ಯಾವತ್ತು ನಿಲ್ಲಿಸಬೇಕು, ಮಣ್ಣು ಯಾವತ್ತು ತೊಳೆಯಬೇಕು ಎಂದು ಹೇಳಲು ಯಾರಿಗೂ ತಿಳಿಯಲಿಲ್ಲ.

ಊರಿನಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರೂ ಮುಗುಡು ತಿನ್ನುವುದನ್ನು ಬಿಟ್ಟರು. ಮುಗುಡು ಏನು ತಿನ್ನುತ್ತದೆ ಎಂದು ಎಲ್ಲರಿಗೂ ಗೊತ್ತು. ನೈದಿಲೆ ಗೆಡ್ಡೆ ತಿಂದೆವು, ಹುಲ್ಲಿನ ತಿರುಳು ತಿಂದೆವು, ತೆಂಗಿನಕಾಯಿ ಇದ್ದವರು ಅದನ್ನು ತಿಂದರು. ಕೆಲವು ದಿನ ಕಳೆದ ಮೇಲೆ ಒಂದು ಮನೆಯಿಂದ ಮೀನು ಸುಟ್ಟ ವಾಸನೆ ಬಂತು. ಮತ್ತೆ ಇನ್ನೊಂದು ಮನೆಯಿಂದ. ನಮ್ಮ ಮನೆಯಲ್ಲೂ ಅಮ್ಮ ಒಂದು ದಿನ ಬಡಿಸಿದಳು, ನಾವೂ ತಿಂದೆವು.

ಬ್ರಿಗಿತ ಒಂದು ಮುಗುಡು ಹಿಡಿದು ಮನೆಗೆ ತಂದಾಗ ಅತ್ತೆ ಅದನ್ನು ಕಿತ್ತುಕೊಂಡು ಕಿಟಕಿಯಿಂದ ಎಸೆದಳು. ಜಗಳ ನಮ್ಮ ಮನೆಗೂ ಕೇಳಿಸಿತು.

"ನಿಮ್ಮಪ್ಪನ್ನ ತಿಂತೀಯೇನೇ?"

"ಅಪ್ಪ ಇಲ್ಲ ಅಮ್ಮ! ಅಪ್ಪ ಎಲ್ಲೂ ಇಲ್ಲ! ಕಸ್ಪರ್ ಇದ್ದಾನೆ, ಇಲ್ಲಿ ನೋಡು, ಇವನ ಕೈ ನೋಡು! ಇವನೂ ಹೋದ್ಮೇಲೆ ಯಾರಿಗೆ ಅಂತ ಮಣ್ಣು ಬಳ್ಕೊಂಡು ಕೂರ್ತೀಯ?"

"ನೀನು ಅವನ ಮಗಳಲ್ಲ."

"ಹೌದು, ನಾನು ಹಸಿದವಳ ಮಗಳು."

ಮರುದಿನ ನಾನು ಹೋದಾಗ ಅತ್ತೆ ಮನೆಯ ಕೆಳಗೆ ಇಳಿದಿದ್ದಳು. ಕಂಬಗಳ ನಡುವೆ ಬಿದಿರಿನಿಂದ ಕಳೆಯನ್ನು ದೂಡಿ, ಮತ್ತೆ ಮುಚ್ಚದಂತೆ ನಾಲ್ಕೂ ಕಡೆ ಬಿದಿರು ಅಡ್ಡಕಟ್ಟಿ, ಒಂದು ಚಾಪೆ ಹಾಸುವಷ್ಟು ನೀರು ಬಿಡಿಸಿದ್ದಳು. ಗಾಳಿಗಾಗಿ ಬಾಯಿ ತೆರೆಯುತ್ತ ಮುಗುಡುಗಳು ಅಲ್ಲಿಗೆ ಏಳುತ್ತಿದ್ದವು. ಒಂದನ್ನು ಕೂಳಿಯಲ್ಲಿ ಎತ್ತಿ, ಕತ್ತಿ ಕೈಗೆ ತೆಗೆದುಕೊಂಡಳು. ನನ್ನನ್ನು ನೋಡಿದಳು.

"ನೀನು ಆ ಕಡೆ ತಿರುಗು."

ನಾನು ತಿರುಗಲಿಲ್ಲ. ಅವಳು ಸೀಳಿದಳು, ಎಂದಿನಂತೆ ಬೆರಳು ಹಾಕಿದಳು. ಕಪ್ಪು ಕೆಸರು, ಕಳೆಯ ಬೇರಿನ ಎಳೆ. ಬೇರೇನೂ ಇಲ್ಲ. ಮೀನಿನ ಬೆನ್ನಿನಲ್ಲಿ ಮಾಂಸವೇ ಇರಲಿಲ್ಲ, ತಲೆಯೊಂದೇ ದೊಡ್ಡದು.

"ಇವಕ್ಕೂ ಏನೂ ಸಿಕ್ತಿಲ್ಲ" ಎಂದಳು.

ಅಂದು ಅವಳೇ ಸುಟ್ಟು, ಮುಳ್ಳು ಬಿಡಿಸಿ, ಕಸ್ಪರನಿಗೆ ತಿನ್ನಿಸಿದಳು. ಬ್ರಿಗಿತಳಿಗೂ ಕೊಟ್ಟಳು. ತಾನು ಮುಟ್ಟಲಿಲ್ಲ. ಆ ದಿನದಿಂದ ಸಾಯುವವರೆಗೂ ಅವಳು ಮೀನು ತಿಂದದ್ದನ್ನು ನಾನು ನೋಡಲಿಲ್ಲ.

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ನಾಯಿಗಳು ಬೊಗಳಿದವು. ಊರಿನ ಹಿಂಬದಿಯ ಜೌಗಿನಿಂದ ಎದೆವರೆಗೂ ಕೆಸರಾದ ಹೆಂಗಸೊಬ್ಬಳು ಎದ್ದು ಬಂದಳು. ಬೆನ್ನಿಗೆ ದೊಡ್ಡ ಚೀಲ, ಅದರ ಹಗ್ಗ ಹಣೆಗೆ. ನಯಂಬೆ. ಗುಡ್ಡದವರು ನಮ್ಮ ಊರಿಗೆ ಕಾಲಿಟ್ಟದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೆರೆಯನ್ನು ಸುತ್ತು ಹಾಕಿ, ಜಿಗಣೆಗಳ ನಡುವೆ, ಇಡೀ ಜೌಗು ತುಳಿದು ಬಂದಿದ್ದಳು. ಅತ್ತೆಯ ಮನೆಯ ಏಣಿ ಹತ್ತಿ ಚೀಲ ಇಳಿಸಿದಳು. ತುಂಬ ಸಾಗೊ ಹಿಟ್ಟು.

ಅತ್ತೆ ತಲೆಯೆತ್ತಲಿಲ್ಲ. "ಕೊಡೋಕೆ ನನ್ನ ಹತ್ರ ಮೀನಿಲ್ಲ."

"ಕೇಳಿದ್ನಾ?"

"ಮತ್ತೆ ಯಾಕೆ ಬಂದೆ?"

"ಸಂತೇಲಿ ಬೈಸ್ಕೊಳ್ಳೋಕೆ ಯಾರೂ ಸಿಗ್ತಿಲ್ಲ. ಬೈಯಿ, ಹೋಗ್ತೀನಿ." ಆಮೇಲೆ ಮೂಲೆಯಲ್ಲಿದ್ದ ಕಸ್ಪರನನ್ನು ನೋಡಿ ನಯಂಬೆಯ ದನಿ ಬದಲಾಯಿತು. "ಒಟಿಲಿಯಾ, ಇವನು ಇಲ್ಲಿದ್ರೆ ಉಳಿಯಲ್ಲ. ಮೇಲಕ್ಕೆ ಬಾ. ನಮ್ಮ ತೊರೆ ನೀರು ಚೆನ್ನಾಗಿದೆ. ಮರ ಕುಟ್ಟೋದು ನಿಂಗೆ ಬರಲ್ಲ, ಕಲಿಸ್ತೀನಿ. ಕೈ ಬೊಬ್ಬೆ ಬರುತ್ತೆ, ಬರಲಿ."

ನನ್ನ ಅಪ್ಪ ಒಪ್ಪಲಿಲ್ಲ. ಕೆರೆಯ ಹೆಣ್ಣು ಗುಡ್ಡಕ್ಕೆ ಹೋಗಿ ಅವರ ಒಲೆಯ ಬಳಿ ಕೂರುವುದೇ? ಊರಿನ ಮರ್ಯಾದೆ ಏನಾಗಬೇಕು? ಅತ್ತೆ ಅವನ ಮಾತನ್ನು ಕೊನೆಯವರೆಗೆ ಕೇಳಿದಳು.

"ಅಣ್ಣ, ಈ ಮರ್ಯಾದೇನ ಬೇಯಿಸಿದ್ರೆ ಎಷ್ಟು ಜನಕ್ಕೆ ಬರುತ್ತೆ?"

ಹೀಗೆ ಹೇಳಿ ಮಗನನ್ನು ಬೆನ್ನಿಗೆ ಕಟ್ಟಿಕೊಂಡು ನಯಂಬೆಯ ಹಿಂದೆ ಜೌಗಿಗೆ ಇಳಿದಳು. ಮುಖದ ಬಿಳಿಮಣ್ಣು ಇನ್ನೂ ಹಾಗೇ ಇತ್ತು. ಬ್ರಿಗಿತ ಹೋಗಲಿಲ್ಲ. ಅವಳ ಮದುವೆ ನಮ್ಮ ಊರಿನಲ್ಲೇ ನಿಶ್ಚಯವಾಗಿತ್ತು, ಜೊತೆಗೆ ತಾಯಿಯ ಮೇಲಿನ ಕೋಪ ಆರಿರಲಿಲ್ಲ.

ಅದಾದ ಮೇಲೆ ಸರ್ಕಾರದವರು ಬಂದರು. ಮೂಟೆಗಳಲ್ಲಿ ಅದೇ ಕಳೆಯನ್ನು ತುಂಬಿ ತಂದಿದ್ದರು. ಬಿಚ್ಚಿದರೆ ಅದರ ತುಂಬ ಕಪ್ಪು ಮೂತಿಹುಳು, ಎಳ್ಳಿಗಿಂತ ಸ್ವಲ್ಪ ದೊಡ್ಡದು. ಇವು ಕಳೆಯನ್ನು ತಿನ್ನುತ್ತವೆ, ಬೇರೆ ಏನನ್ನೂ ಮುಟ್ಟುವುದಿಲ್ಲ ಎಂದರು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮ ಸೊಳ್ಳೆಗಳಿಗೆ ಹೇಳಿದ್ರೂ ಇದಕ್ಕಿಂತ ಬೇಗ ತಿಂದು ಮುಗಿಸ್ತಿದ್ವು!" ಅವರು ಮೂಟೆಗಳನ್ನು ಕೆರೆಯ ಅಂಚಿನಲ್ಲಿ ಸುರಿದು ಹೋದರು.

ಮೊದಲು ಏನೂ ಕಾಣಲಿಲ್ಲ. ಮರುವರ್ಷ ಅಂಚಿನಲ್ಲಿ ಕಂದು ಬಣ್ಣ ಹತ್ತಿತು. ಅದು ಹರಡಿತು. ಒಣಗಿದ ಕಳೆ ನೀರು ಕುಡಿದು ಮುಳುಗತೊಡಗಿತು. ಇಡೀ ಕೆರೆಯ ತಳದಲ್ಲಿ ಅಷ್ಟೂ ಕಳೆ ಕೊಳೆಯಿತು. ಆ ದುರ್ವಾಸನೆಯನ್ನು ಹೇಳಲಾರೆ. ಉಳಿದಿದ್ದ ಮುಗುಡುಗಳೂ ಹೊಟ್ಟೆ ಮೇಲಾಗಿ ತೇಲಿದವು. ಕಳೆ ಹೋಗುತ್ತಿದೆಯೆಂದು ಸಂತೋಷಪಡುವ ಮೊದಲೇ ಭೇದಿ ಬಂದು ಎಷ್ಟೋ ಮಕ್ಕಳು ತೀರಿಕೊಂಡವು, ನನ್ನ ತಂಗಿಯೂ. ಆಮೇಲೆ ಸೆಪಿಕ್ ಉಕ್ಕಿ, ಹೊಸ ನೀರು ನುಗ್ಗಿ, ಕೊಳೆತದ್ದನ್ನೆಲ್ಲ ತೊಳೆದುಕೊಂಡು ಹೋಯಿತು. ಬೆಳಿಗ್ಗೆ ಎದ್ದಾಗ ನೀರಿನಲ್ಲಿ ಆಕಾಶ ಕಾಣುತ್ತಿತ್ತು. ಮುದುಕಿಯರು ದಡದಲ್ಲಿ ಕೂತು ಅತ್ತರು.

ಆ ವರ್ಷ ನೀರು ಇಳಿದಾಗ ಅಪ್ಪ ಮತ್ತು ಇತರ ಗಂಡಸರು ವಲಿಂದುವಿನ ಮೂಳೆಗಾಗಿ ಕೆರೆಯ ನಡುವೆ ಕೆಸರು ಬಗೆದು ಹುಡುಕಿದರು. ಸಿಗಲಿಲ್ಲ.

ಮಕಾವು ತಿರುಗಿ ಬಂತು, ಸಂತೆ ಮತ್ತೆ ಕೂಡಿತು. ಬ್ರಿಗಿತ ಮೊದಲ ಸಲ ಹೊಗೆಮೀನು ಹೊತ್ತು ಹೋದಾಗ ನಾನೂ ಜೊತೆಗಿದ್ದೆ. ಗುಡ್ಡದವರ ಸಾಲಿನಲ್ಲಿ, ನಯಂಬೆಯ ಪಕ್ಕದಲ್ಲಿ, ಎದುರಿಗೆ ಹಿಟ್ಟಿನ ಗಂಟು ಇಟ್ಟುಕೊಂಡು ಅತ್ತೆ ಕೂತಿದ್ದಳು. ಕೈಗಳು ಒರಟಾಗಿ ತೋಳು ಗಟ್ಟಿಯಾಗಿತ್ತು. ಕಸ್ಪರ್ ಉದ್ದಕ್ಕೆ ಬೆಳೆದು ಅವಳ ಹಿಂದೆ ನಿಂತಿದ್ದ. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. ಬ್ರಿಗಿತ ಬುಟ್ಟಿ ಇಳಿಸಿ ಎದುರು ಕೂತಳು.

"ಈ ಹಿಟ್ಟು ತೇವ ಇದೆ" ಎಂದಳು ಬ್ರಿಗಿತ.

"ನಿನ್ನ ಮೀನಿಗೆ ಹೊಗೆ ಸಾಲದು. ಯಾರು ಕಲಿಸಿದ್ದು?"

"ಕಲಿಸೋರು ಗುಡ್ಡ ಹತ್ತಿ ಹೋದ್ರು."

ಅತ್ತೆ ಇನ್ನೊಂದು ಹಿಡಿ ಹಿಟ್ಟು ತೆಗೆದು ಮಗಳ ಬುಟ್ಟಿಗೆ ಹಾಕಿದಳು. ಬ್ರಿಗಿತ ಅದನ್ನು ಹಿಂದಕ್ಕೆ ಹಾಕಲಿಲ್ಲ. ಆಮೇಲೆ ಅವರು ಅಲ್ಲಿ ಹಾಗೇ ಎದುರುಬದುರು ಕೂತು ಎಷ್ಟೋ ವರ್ಷ ಅದಲುಬದಲು ಮಾಡಿದರು. ಅತ್ತೆ ಪಡೆದ ಮೀನನ್ನು ನಯಂಬೆಯ ಮನೆಯವರು ತಿನ್ನುತ್ತಿದ್ದರು. ತಿರುಗಿ ಬಾ ಎಂದು ಬ್ರಿಗಿತ ಕರೆಯಲಿಲ್ಲ, ಬರುತ್ತೇನೆಂದು ಅತ್ತೆಯೂ ಹೇಳಲಿಲ್ಲ. ಅಪ್ಪ ಮಾತ್ರ ತಂಗಿಯ ಹೆಸರು ಎತ್ತಿದರೆ ಎದ್ದು ಹೋಗುತ್ತಿದ್ದ.

ಅತ್ತೆಯ ಶ್ವಾಸಕೋಶ ಕೆಟ್ಟಿದೆ ಎಂದು ಸುದ್ದಿ ಬಂದಾಗ ನಾನೂ ಬ್ರಿಗಿತಳೂ ಗುಡ್ಡ ಹತ್ತಿದೆವು. ಮಳೆಗಾಲ. ಅತ್ತೆ ಒಲೆಯ ಬದಿಯಲ್ಲಿ ಮಲಗಿದ್ದಳು, ಒಂದು ಮಾತಾಡಲು ಎರಡು ಸಲ ಉಸಿರೆಳೆದುಕೊಳ್ಳಬೇಕಿತ್ತು. ನಯಂಬೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಮಾತಾಡ್ಬೇಡ್ವೇ, ಇಷ್ಟು ವರ್ಷ ಆಡಿದ್ದು ಸಾಲದಾ" ಎಂದು ಗದರುತ್ತ ಅಳುತ್ತಿದ್ದಳು.

"ನೀರು ಎಲ್ಲಿವರೆಗೆ ಬಂತು?" ಎಂದು ಅತ್ತೆ ಮಗಳನ್ನು ಕೇಳಿದಳು.

"ಹುಲ್ಲು ಮುಳುಗಿದೆ ಅಮ್ಮ. ಅತ್ತಿಮರದ ಬುಡಕ್ಕೆ ಇನ್ನೂ ಬಂದಿಲ್ಲ."

"ಮೀನಿನ ಹೊಟ್ಟೇಲಿ ಏನಿದೆ, ನೋಡ್ತೀಯಾ?"

"ನೋಡ್ತೀನಿ."

ಅಮ್ಮನ ಪಾದಗಳನ್ನು ಕೈಯಲ್ಲಿ ಹಿಡಿದುಕೊಂಡು ಬ್ರಿಗಿತ ಅಲ್ಲೇ ಉಳಿದಳು. ಮೂರನೆಯ ದಿನ ಅತ್ತೆ ಹೋದಳು. ಕೆರೆಗೆ ಒಯ್ಯಬಾರದು, ನೀರು ಏರದ ಕಡೆ ಹೂಳಿ ಎಂದು ನಯಂಬೆಗೆ ಮೊದಲೇ ಹೇಳಿಟ್ಟಿದ್ದಳಂತೆ. ನಯಂಬೆಯ ಕುಲದವರು ತಮ್ಮ ಜಾಗದಲ್ಲಿ ಗುಂಡಿ ತೋಡಿದರು. ನನ್ನ ಅಪ್ಪ, ಆಗ ಕೋಲೂರಿ ನಡೆಯುತ್ತಿದ್ದವನು, ದೋಣಿಯಲ್ಲಿ ಗುಡ್ಡದ ಬುಡದವರೆಗೆ ಬಂದ. ಮೇಲೆ ಹತ್ತಲಾರದೆ ಸಂತೆಯ ಚಪ್ಪರದಡಿ ಮಳೆಯಲ್ಲಿ ಒಬ್ಬನೇ ಕೂತಿದ್ದ. ನಾವು ಇಳಿದು ಬಂದಾಗ ಅವನ ಮುಖದ ಮೇಲೆ ಬಿಳಿಮಣ್ಣು ಇತ್ತು.

ಕಸ್ಪರ್ ಗುಡ್ಡದಲ್ಲೇ ಉಳಿದ, ಅಲ್ಲಿಯ ಹೆಣ್ಣನ್ನೇ ಮದುವೆಯಾದ. ಸಾಗೊ ಮರ ಬೀಳಿಸುವುದರಲ್ಲಿ ಗಟ್ಟಿಗನೆಂದು ಹೇಳುತ್ತಾರೆ. ಅವನ ಮಕ್ಕಳಿಗೆ ಈಜು ಬರುವುದಿಲ್ಲ.